ಆಯ್ತಪ್ಪನ ಲಾರಿ ಬಾಯಿ ಮುಚ್ಚಿದ ದಿನ

ತೊಂದರೆ ಶುರುವಾದದ್ದು ಒಂದು ಸಣ್ಣ 'ಟಕ್'ನಿಂದ. ಮೊದಮೊದಲು ಅದು ಉಗುರಿನಿಂದ ತಗಡು ಬಡಿದಷ್ಟೇ ಇತ್ತು. ಆಮೇಲೆ ಬೆರಳಿನಿಂದ ಬಡಿದಷ್ಟಾಯಿತು, ಆಮೇಲೆ ಮುಷ್ಟಿಯಿಂದ ಗುದ್ದಿದಷ್ಟಾಯಿತು. ಕೊನೆಕೊನೆಗೆ ಬೆಳಗಿನ ಜಾವ ಲಾರಿ ಚಾಲೂ ಆಯಿತೆಂದರೆ ಬೀದಿಯ ಅಷ್ಟೂ ಮನೆಗಳ ಬಾಗಿಲನ್ನು ಯಾರೋ ಒಟ್ಟಿಗೇ ಬಡಿಯುತ್ತಿದ್ದಾರೆ ಅನ್ನಿಸುವ ಮಟ್ಟಕ್ಕೆ ಬಂತು.

ಲಾರಿ ಆಯ್ತಪ್ಪನದು. ಅದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಿದರೂ 'ಆಯ್ತಪ್ಪ' ಅನ್ನುತ್ತಿದ್ದುದರಿಂದ ಬೀದಿಯವರು ಇಟ್ಟದ್ದು. ಇಡುವಾಗಲೂ ಅವನು ಆಯ್ತಪ್ಪ ಎಂದೇ ಅಂದನಂತೆ. ಪಕ್ಕದ ಮನೆಯವರು ಅವನ ಗೋಡೆಗೆ ತಮ್ಮ ಮೊಳೆ ಹೊಡೆದರೂ ಆಯ್ತಪ್ಪ. ಹೆಂಡತಿ ಬಂದು ತನ್ನ ತಮ್ಮ ಒಂದು ವಾರ ಇದ್ದು ಹೋಗುತ್ತಾನೆ ಎಂದಾಗಲೂ ಆಯ್ತಪ್ಪ. ಆ ವಾರ ಇನ್ನೂ ಮುಗಿದಿಲ್ಲ, ವರ್ಷ ಮಾತ್ರ ಮುಗಿದಿದೆ. ಲಾರಿಯ ಎಡಬಾಗಿಲಿನ ಗಾಜು ಒಂದು ದಿನ ಬಾಗಿಲಿನೊಳಕ್ಕೆ ಜಾರಿ ಬಿದ್ದು ಮತ್ತೆ ಮೇಲೆ ಬರಲಿಲ್ಲ. ಅದಕ್ಕೂ ಅವನು ಆಯ್ತಪ್ಪ ಅಂದು ಸುಮ್ಮನಾಗಿದ್ದ.

ಇಷ್ಟೊಂದು ತಾಳ್ಮೆ ಎಲ್ಲಿಂದ ತಂದಿರಿ ಎಂದು ಯಾರಾದರೂ ಕೇಳಿದರೆ, "ಏನಿಲ್ಲಪ್ಪ, ಲಾರೀಲಿ ಕೂತು ಬಾಗಿಲು ಹಾಕ್ಕೊಂಡು ಹೊರಟ್ರೆ ಎಲ್ಲಾ ಇಳಿದು ಹೋಗ್ಬಿಡುತ್ತೆ" ಅನ್ನುತ್ತಿದ್ದ. ಅದು ನಿಜವೂ ಆಗಿತ್ತು. ಬೆಳಿಗ್ಗೆ ಮುಖ ಗಂಟು ಹಾಕಿಕೊಂಡು ಹೋದವನು ತೊಳೆದಿಟ್ಟ ತಟ್ಟೆಯಂಥ ಮುಖ ಹೊತ್ತು ವಾಪಸು ಬರುತ್ತಿದ್ದ. ಗಂಟಲು ಮಾತ್ರ ಕಟ್ಟಿರುತ್ತಿತ್ತು. ಬಂದವನೇ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಇಳಿಸುತ್ತಿದ್ದ. ಅದು ಲಾರಿಯ ಹೊಗೆಯ ಕೆಲಸ ಎಂದು ಹೆಂಡತಿ ತೀರ್ಮಾನಿಸಿದ್ದಳು. ಅವನು ಅಲ್ಲ ಅನ್ನಲಿಲ್ಲ.

ಅವನದು ನರ್ಸಿಂಗ್ ಹೋಮಿಗೆ ಹಾಸಿಗೆಬಟ್ಟೆ ಮುಟ್ಟಿಸುವ ಕೆಲಸ. ಸಂಜೆ ಲಾಂಡ್ರಿಗೆ ಹೋಗಿ ಒಗೆದು ಮಡಿಸಿಟ್ಟ ಬಟ್ಟೆಯ ಮೂಟೆಗಳನ್ನು ಹೇರಿಕೊಂಡು ಬಂದು ಲಾರಿಯನ್ನು ಮನೆಯ ಮುಂದೆ ನಿಲ್ಲಿಸುವುದು, ಬೆಳಗಿನ ಜಾವ ಐದಕ್ಕೆ ಅದನ್ನು ಎರಡು ಬೀದಿ ಆಚೆಯ ನರ್ಸಿಂಗ್ ಹೋಮಿಗೆ ಇಳಿಸಿ ಕೊಳೆಬಟ್ಟೆ ತರುವುದು. ಈ ಒಂದು ಕೆಲಸದ ಮೇಲೆ ಲಾರಿಯೂ ನಡೆಯುತ್ತಿತ್ತು, ಮನೆಯೂ ನಡೆಯುತ್ತಿತ್ತು. ಅಂಥದ್ದರಲ್ಲಿ ಶನಿವಾರ ಬೆಳಿಗ್ಗೆ ಅಲ್ಲಿಯ ಮೇಟ್ರನ್ ಅವನನ್ನು ನಿಲ್ಲಿಸಿದರು.

"ನಮ್ಮಲ್ಲಿ ಮಲಗಿರೋರೆಲ್ಲ ಮಾತ್ರೆ ತಗೊಂಡು ನಿದ್ದೆ ಮಾಡೋರು. ನಿಮ್ಮ ಲಾರಿ ಮಾತ್ರೆಗಿಂತ ಜೋರಾಗಿದೆ" ಎಂದರು ಮೇಟ್ರನ್. "ಸೋಮವಾರ ಬೆಳಿಗ್ಗೆ ಈ ಟಕ್ ಟಕ್ ನನ್ನ ಕಿವಿಗೆ ಬಿದ್ರೆ ಗೇಟು ತೆಗೆಯಲ್ಲ. ಆಮೇಲೆ ನೀವು ಬರೋದೂ ಬೇಡ. ಬೇರೆ ಗಾಡಿಯವನು ಆಗ್ಲೇ ಬಂದು ಕೇಳಿ ಹೋಗಿದ್ದಾನೆ."

"ಆಯ್ತಮ್ಮ" ಅಂದ ಆಯ್ತಪ್ಪ.

ಕಾಯಿಲೆ ಏನೆಂದು ಅವನಿಗೆ ಗೊತ್ತಿತ್ತು. ಇಂಜಿನ್ನಿನ ಪಕ್ಕೆಗೆ ಎರಕದ ಕಬ್ಬಿಣದ ಒಂದು ಕವಲುಕೊಳವೆ ಇರುತ್ತದೆ. ನಾಲ್ಕು ಕಡೆಯಿಂದ ಬರುವ ಹೊಗೆಯನ್ನು ಒಟ್ಟು ಮಾಡಿ ಸೈಲೆನ್ಸರಿಗೆ ದಾಟಿಸುವುದು ಅದರ ಕೆಲಸ. ಮೆಕ್ಯಾನಿಕ್ಕುಗಳು ಮ್ಯಾನಿಫೋಲ್ಡ್ ಅನ್ನುತ್ತಾರೆ. ಅದಕ್ಕೂ ಇಂಜಿನ್ನಿಗೂ ನಡುವೆ ಇರುವ ತೆಳ್ಳನೆಯ ಪ್ಯಾಕಿಂಗು ಸುಟ್ಟುಹೋದರೆ ಹೊಗೆ ಆ ಸಂದಿಯಿಂದಲೇ ಟಕ್ ಟಕ್ ಎಂದು ಹೊರಗೆ ಹಾರುತ್ತದೆ. ಭಾನುವಾರ ಗ್ಯಾರೇಜಿಗೆ ರಜೆ. ಮನೆಯ ಮುಂದೆಯೇ ಬಿಚ್ಚಿ ಹೊಸ ಪ್ಯಾಕಿಂಗು ಕೂರಿಸಿಬಿಡೋಣ ಎಂದು ನಿರ್ಧರಿಸಿ ಅವನು ಬೆಳಿಗ್ಗೆಯೇ ಪ್ಯಾಕಿಂಗು ಹುಡುಕಲು ಶುರುಮಾಡಿದ. ಎಂದೋ ಒಂದು ಕಾಲದಲ್ಲಿ ತಂದಿಟ್ಟ ನೆನಪು. ಅಟ್ಟ ನೋಡಿದ, ಮಂಚದ ಕೆಳಗೆ ನೋಡಿದ. ಕೊನೆಗೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಅದು ಸಿಕ್ಕಿತು. ಗೋಡೆಯ ಮೊಳೆಗೆ ಅಡ್ಡಲಾಗಿ ನೇತು ಬಿದ್ದಿತ್ತು. ಅದರ ಒಂದೊಂದು ತೂತಿನಲ್ಲೂ ಒಂದೊಂದು ಸೌಟು.

"ಅದು ನನ್ನ ಸೌಟಿನ ಪಟ್ಟಿ" ಎಂದಳು ಹೆಂಡತಿ.

"ಅದು ಲಾರೀದು ಕಣೇ."

"ಲಾರೀದಾಗಿದ್ರೆ ಲಾರೀಲಿ ಇರ್ತಿತ್ತು. ಇಷ್ಟು ದಿನ ಒಲೆ ಪಕ್ಕ ಇದ್ದದ್ದನ್ನ ಈಗ ಕಿತ್ಕೊಂಡು ಹೋದ್ರೆ ನಾನು ಸೌಟು ಎಲ್ಲಿಡ್ಲಿ, ತಲೆ ಮೇಲಾ?"

"ಆಯ್ತು, ಹೊಸ ಪಟ್ಟಿ ತಂದ್ಕೊಡ್ತೀನಿ" ಎಂದು ಆಯ್ತಪ್ಪ ಸೌಟುಗಳನ್ನು ಒಂದೊಂದಾಗಿ ಇಳಿಸಿ ಪ್ಯಾಕಿಂಗು ಹಿಡಿದು ಹೊರಗೆ ಬಂದ. ಒಗ್ಗರಣೆಯ ಜಿಡ್ಡು ಹತ್ತಿ ಅದು ಸ್ವಲ್ಪ ಗಡುಸಾಗಿತ್ತು. ಒರೆಸಿದರೆ ಸರಿಹೋದೀತು ಅಂದುಕೊಂಡ.

ಹೊರಗೆ ಬಂದು ನೋಡಿದರೆ ಲಾರಿ ಆಗಲೇ ಓಡುತ್ತಿತ್ತು. ಭಾವಮೈದ ಡ್ರೈವರ್ ಸೀಟಿನಲ್ಲಿ ಕೂತು ಎಕ್ಸಿಲರೇಟರ್ ಒತ್ತುತ್ತಿದ್ದ. "ಭಾವ, ನಿಮಗೆ ಸಹಾಯ ಆಗ್ಲಿ ಅಂತ ಅರ್ಧ ಗಂಟೆಯಿಂದ ಓಡಿಸ್ತಾ ಇದೀನಿ. ಈಗ ನೋಡಿ, ಸದ್ದೇ ಇಲ್ಲ. ಎಲ್ಲಾ ನಿಮ್ಮ ಭ್ರಮೆ" ಎಂದ.

ಅಷ್ಟರಲ್ಲಿ ಬಾನೆಟ್ಟು ತೆರೆದದ್ದು ಕಂಡು ಬೀದಿ ಕೂಡಿತ್ತು. ಆ ಬೀದಿಯಲ್ಲಿ ಯಾರ ಮನೆಯ ಡಬ್ಬಿಯ ಮುಚ್ಚಳ ತೆರೆದರೂ ಬಗ್ಗಿ ನೋಡುವವರಿಗೆ ಬರವಿರಲಿಲ್ಲ. ಎಲ್ಲರಿಗಿಂತ ಮುಂದೆ ಎದುರುಮನೆಯ ಪಿಟೀಲು ಮೇಷ್ಟ್ರು, ಅವರ ಹಿಂದೆ ಪಕ್ಕದ ಮನೆಯ ಟೈಲರಕ್ಕ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಭ್ರಮೆಯಂತೆ" ಎಂದರು ಮೇಷ್ಟ್ರು. "ದಿನಾ ಐದಕ್ಕೆ ನನ್ನ ತಾಳ ತಪ್ಪಿಸ್ತಾ ಇರೋದು ಭ್ರಮೆಯೇನಯ್ಯಾ? ಲಾರಿ ಸದ್ದಿನಲ್ಲಿ ಇವರು ಏನೋ ಹಾಡ್ಕೊಂಡು ಹೋಗ್ತಾರೆ, ತುಟಿ ಅಲ್ಲಾಡೋದು ಕಾಣುತ್ತೆ, ರಾಗ ಯಾವುದು ಅಂತ ಒಂದು ದಿನಾನೂ ಗೊತ್ತಾಗಿಲ್ಲ."

"ಹಾಗೇ ಏನೋ, ಬಾಯಿಗೆ ಬಂದದ್ದು" ಎಂದು ಆಯ್ತಪ್ಪ ಬಾನೆಟ್ಟಿನೊಳಗೆ ತಲೆ ಹಾಕಿದ. ಆಮೇಲೆ ತಿರುಗಿ ಎಲ್ಲರಿಗೂ ವಿವರಿಸಿದ. "ಭ್ರಮೆಯಲ್ಲ. ಕಬ್ಬಿಣ ಕಾದ್ರೆ ಹಿಗ್ಗುತ್ತೆ, ಸಂದಿ ಮುಚ್ಚಿಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ತಣ್ಣಗಾದ್ರೆ ಮತ್ತೆ ಬಾಯಿ ಬಿಡುತ್ತೆ. ಈಗ ಇದು ಆರೋವರೆಗೂ ಕಾಯ್ಬೇಕು."

"ಎಷ್ಟು ಹೊತ್ತಿಗೆ ಮುಚ್ಚಿಕೊಳ್ಳುತ್ತೆ?" ಎಂದು ಹೆಂಡತಿ ಬಾಗಿಲಿನಿಂದಲೇ ಕೇಳಿದಳು. ಲಾರಿಯ ವಿಷಯದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಆಯ್ತಪ್ಪನಿಗೆ ಖುಷಿಯಾಯಿತು.

"ಸಂದಿ ಎಷ್ಟು ಸಣ್ಣದೋ ಅಷ್ಟು ಬೇಗ. ನಮ್ಮದು ದೊಡ್ಡದು, ಅದಕ್ಕೇ ನರ್ಸಿಂಗ್ ಹೋಮ್ ದಾಟಿದ ಮೇಲೆ ಮುಚ್ಚಿಕೊಳ್ಳುತ್ತೆ. ಸಣ್ಣದಾಗಿದ್ದಿದ್ರೆ ಬೀದಿ ತಿರುವಿನಲ್ಲೇ ನಿಂತುಹೋಗ್ತಿತ್ತು."

ಎಲ್ಲರೂ ತಲೆದೂಗಿದರು. ಹೀಗೆ ಲಾರಿಯ ಹೊಟ್ಟೆಯೊಳಗಿನ ವಿಷಯವನ್ನು ಅವರಿಗೆ ಇದುವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಲಾರಿ ಆರಿದ ಮೇಲೆ ಮತ್ತೆ ಚಾಲೂ ಮಾಡಿದರು. ಟಕ್ ಟಕ್ ಶುರುವಾಯಿತು. ಮೇಷ್ಟ್ರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. "ನಾಲ್ಕಕ್ಕೆ ಒಂದೇ ಪೆಟ್ಟು ಎಡವ್ತಾ ಇದೆ. ಮಿಕ್ಕ ಮೂರೂ ಸರಿಯಾಗಿವೆ" ಎಂದರು. ಹಾಗಾದರೆ ನಾಲ್ಕು ಕವಲಿನಲ್ಲಿ ಒಂದು ಮಾತ್ರ ಕೆಟ್ಟಿದೆ. ಯಾವುದು? ಟೈಲರಕ್ಕ ಒಳಗೆ ಓಡಿ ಬಿಳಿ ನೂಲಿನ ಉಂಡೆ ತಂದು, ಒಂದು ಗೇಣು ನೂಲನ್ನು ಕಡ್ಡಿಗೆ ಕಟ್ಟಿ ಕೊಟ್ಟಳು. ಆಯ್ತಪ್ಪ ಅದನ್ನು ಒಂದೊಂದೇ ಕವಲಿನ ಬುಡಕ್ಕೆ ಹಿಡಿದ. ಮೊದಲನೆಯದರ ಹತ್ತಿರ ನೂಲು ನೆಟ್ಟಗೆ ನಿಂತಿತು, ಎರಡನೆಯದಕ್ಕೂ ನಿಂತಿತು. ಮೂರನೆಯದಕ್ಕೆ ಬಂದಾಗ ಚೇಳು ಕಡಿದ ಹಾಗೆ ಕುಣಿಯತೊಡಗಿತು. ಬಗ್ಗಿ ನೋಡಿದರೆ ಅಲ್ಲಿ ಕಬ್ಬಿಣದ ಮೇಲೆ ಕಾಡಿಗೆಯಂಥ ಮಸಿಯ ಗೆರೆಯೂ ಇತ್ತು.

"ಸಿಕ್ತು" ಎಂದಳು ಟೈಲರಕ್ಕ, ತಾನೇ ಕಳ್ಳನನ್ನು ಹಿಡಿದವಳಂತೆ. ಮೇಷ್ಟ್ರಿಗೆ ಅದು ಸರಿಬರಲಿಲ್ಲ. ಕಂಡುಹಿಡಿದದ್ದು ತಾಳವೋ ನೂಲೋ ಎಂಬ ವಾದ ಸ್ವಲ್ಪ ಹೊತ್ತು ನಡೆಯಿತು. ಆಯ್ತಪ್ಪ ಇಬ್ಬರಿಗೂ ಆಯ್ತಪ್ಪ ಅಂದು ನಟ್ಟುಗಳ ಬುಡಕ್ಕೆ ಸೀಮೆಎಣ್ಣೆ ಬಿಟ್ಟ.

ಎಂಟು ನಟ್ಟು. ಹಳೆಯವು, ತುಕ್ಕು ಹಿಡಿದು ಕಲ್ಲಾದವು. ಅವು ನೆನೆಯಬೇಕು, ಮೆಲ್ಲಗೆ ಹಿಂದೆ ಮುಂದೆ ಆಡಿಸಿ ಬಿಚ್ಚಬೇಕು ಎಂದು ಅವನು ಹೇಳುತ್ತಲೇ ಇದ್ದ. ಕೈ ತೊಳೆದು ಬರುವಷ್ಟರಲ್ಲಿ ಭಾವಮೈದ ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ ಮೈಭಾರ ಬಿಟ್ಟಿದ್ದ. ಟಣ್ ಎಂಬ ಸದ್ದಾಯಿತು.

"ಭಾವ, ಬಂತು" ಎಂದು ಭಾವಮೈದ ನಟ್ಟನ್ನು ಎತ್ತಿ ತೋರಿಸಿದ. ನಟ್ಟು ಬಂದಿತ್ತು. ಅದರ ಜೊತೆಗೆ ಅದು ಕೂರುವ ತಿರುಪಿನ ಕಡ್ಡಿ, ಅಂದರೆ ಸ್ಟಡ್ಡು, ಅದೂ ಅರ್ಧ ಬಂದಿತ್ತು. ಮಿಕ್ಕರ್ಧ ಇಂಜಿನ್ನಿನಲ್ಲಿ ಮುರಿದ ಹಲ್ಲಿನ ಬುಡದಂತೆ ಉಳಿದುಕೊಂಡಿತ್ತು.

ಆಯ್ತಪ್ಪ ಅದನ್ನೇ ನೋಡುತ್ತ ನಿಂತ. ನಾಳೆಯ ಐದು ಗಂಟೆ ಕಣ್ಣ ಮುಂದೆ ಬಂತು, ಮುಚ್ಚಿದ ಗೇಟು ಬಂತು, ಬೇರೆ ಗಾಡಿಯವನ ನಗುಮುಖ ಬಂತು. ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲಿನವರೆಗೂ ಬಂತು. ಅದನ್ನು ಅಲ್ಲಿಯೇ ನುಂಗಿ, "ಆಯ್ತಪ್ಪ, ಏನ್ಮಾಡೋಕಾಗುತ್ತೆ" ಅಂದ.

ಮಧ್ಯಾಹ್ನವೆಲ್ಲ ಆ ಅರ್ಧ ಸ್ಟಡ್ಡಿಗೆ ಹೋಯಿತು. ಬ್ಲೋಲ್ಯಾಂಪಿನಿಂದ ಅದನ್ನು ಕಾಯಿಸುವುದು, ಕಾದ ಕಬ್ಬಿಣಕ್ಕೆ ಮೇಣದಬತ್ತಿ ಮುಟ್ಟಿಸುವುದು. ಕರಗಿದ ಮೇಣ ತಿರುಪಿನ ಸುತ್ತುಗಳೊಳಗೆ ತಾನೇ ತಾನಾಗಿ ಇಳಿಯುತ್ತದೆ. ಬಿಸಿಗೆ ಎಣ್ಣೆ ಸುಟ್ಟುಹೋಗುವ ಕಡೆ ಮೇಣ ಹೇಗೆ ಒಳಗೆ ಹೋಗುತ್ತದೆ ಎಂದು ಟೈಲರಕ್ಕ ಕೇಳಿದಳು, ಅವನು ಹೇಳಿದ. ತಿರುಪು ಯಾವ ಕಡೆ ತಿರುಗಿದರೆ ಬಿಚ್ಚುತ್ತದೆ ಎಂದು ಮೇಷ್ಟ್ರು ಕೇಳಿದರು, ಅದನ್ನೂ ಹೇಳಿದ. ಅವರು ಕೇಳುವುದು, ಅವನು ಹೇಳುವುದು; ಬೀದಿಯಲ್ಲಿ ಒಂದು ಸಣ್ಣ ಶಾಲೆಯೇ ನಡೆಯಿತು. ಕೊನೆಗೆ ಇಕ್ಕಳದಿಂದ ಕಚ್ಚಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಸ್ಟಡ್ಡು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂತು. ಬೀದಿಯವರು ಚಪ್ಪಾಳೆ ತಟ್ಟಿದರು. ಭಾವಮೈದನೂ ತಟ್ಟಿದ.

ಮಿಕ್ಕ ಏಳೂ ಬಿಚ್ಚಿ, ಮ್ಯಾನಿಫೋಲ್ಡನ್ನು ಕೆಳಗಿಳಿಸಿ, ಹಳೆಯ ಪ್ಯಾಕಿಂಗಿನ ಚೂರುಗಳನ್ನು ಕೆರೆದು, ಟೈಲರಕ್ಕನ ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ಕೊಳವೆಯ ಮುಖ ಸಮ ಇದೆಯೇ ಎಂದು ನೋಡಿದ್ದಾಯಿತು. ಆಯ್ತಪ್ಪ ಇಂಜಿನ್ನಿನ ತೂತುಗಳಿಗೆ ಕಿವಿ ತಾಗುವಷ್ಟು ಹತ್ತಿರ ಬಗ್ಗಿ ಮಸಿ ಒರೆಸುತ್ತಿದ್ದ. ಒಳಗಿನ ಮಸಿಯನ್ನು ಒರೆಸುವುದಕ್ಕಿಂತ ಊದಿ ತೆಗೆಯುವುದು ಸುಲಭವಲ್ಲವೇ ಎಂಬ ವಿಚಾರ ಭಾವಮೈದನಿಗೆ ಹೊಳೆದದ್ದು ಆಗ. ಹೊಳೆದ ವಿಚಾರವನ್ನು ಆಲೋಚಿಸುತ್ತ ಕೂರುವ ಜಾಯಮಾನ ಅವನದಲ್ಲ. ಹೋಗಿ ಕೀಲಿ ತಿರುಗಿಸಿದ.

ಕವಲುಕೊಳವೆಯೇ ಇಲ್ಲದ ಇಂಜಿನ್ನು ನಾಲ್ಕು ಬಾಯಿಂದಲೂ ಒಟ್ಟಿಗೇ ಅರಚಿತು. ಮಸಿಯೆಲ್ಲ ಹಾರಿ ಹೋಯಿತು ನಿಜ. ಅದರಲ್ಲಿ ಸ್ವಲ್ಪ ಪಾಲು ಟೈಲರಕ್ಕ ಬಾಗಿಲಿಗೆ ನೇತುಹಾಕಿದ್ದ ಬಿಳಿ ಅಂಗಿಯ ಮೇಲೆ ಕೂತಿತು, ಸ್ವಲ್ಪ ಪಾಲು ಮೇಷ್ಟ್ರ ಮೀಸೆಗೆ ಹೋಗಿ ಅವರ ವಯಸ್ಸನ್ನು ಇಳಿಸಿತು. ಆಯ್ತಪ್ಪನಿಗೆ ಮಾತ್ರ ಮಸಿಗಿಂತ ಸದ್ದು ಜಾಸ್ತಿ ತಾಗಿತು. ಅವನು ನೆಲದ ಮೇಲೆ ಕೂತು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದ. ಎಲ್ಲರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಕಿವಿಯೊಳಗೆ ಒಂದು ಜೀರುಂಡೆ ಸಂಸಾರ ಹೂಡಿತ್ತು.

"ಅಣ್ಣಾ, ನಾಳೆ ಕೊಡ್ಬೇಕಾದ ಅಂಗಿ ಇದು, ನೀವೇ ಒಗೆಸಿ ಕೊಡ್ಬೇಕು" ಎಂದು ಟೈಲರಕ್ಕ ಕೂಗಿದಳು.

"ಆಯ್ತಪ್ಪ."

"ನೀವು ಭಾವಮೈದನ್ನ ಹದ್ದುಬಸ್ತಿನಲ್ಲಿ ಇಡಬೇಕ್ರೀ. ಮನೆ ಯಜಮಾನ ಮೆತ್ತಗಿದ್ರೆ ಹೀಗೇ" ಎಂದು ಮೇಷ್ಟ್ರು ಮೀಸೆ ಒರೆಸಿಕೊಳ್ಳುತ್ತ ಉಪದೇಶ ಮಾಡಿದರು.

"ಆಯ್ತಪ್ಪ."

"ನನ್ನ ತಮ್ಮ ಏನು ಬೇಕೂಂತ ಮಾಡಿದ್ನಾ? ಬೆಳಿಗ್ಗೆಯಿಂದ ದುಡೀತಾ ಇದಾನೆ, ಒಂದು ಒಳ್ಳೇ ಮಾತಾದ್ರೂ ಆಡ್ಬಾರ್ದಾ ಅವನಿಗೆ?" ಎಂದಳು ಹೆಂಡತಿ.

ಅದಕ್ಕೂ ಆಯ್ತಪ್ಪ. ಆದರೆ ಈ ಸಲ ಹೇಳುವಾಗ ಅವನ ಕೊರಳಿನ ನರ ಉಬ್ಬಿತ್ತು.

ಸಾಮಾನಿನ ಡಬ್ಬಿಯಲ್ಲಿದ್ದ ಹೊಸ ಸ್ಟಡ್ಡು ಹಾಕಿ, ಸೌಟಿನ ಪಟ್ಟಿಯನ್ನು ನಡುವೆ ಇಟ್ಟು, ಮ್ಯಾನಿಫೋಲ್ಡನ್ನು ಎತ್ತಿ ಕೂರಿಸಿದ. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿಗೆ ಬಿಗಿಯುತ್ತ ಹೋಗಬೇಕು, ಅದೂ ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವೇ. ಇದನ್ನೂ ವಿವರಿಸಿದ. ಆಗ ಮೇಷ್ಟ್ರು ತಮ್ಮ ಕೈಯಿಂದಲೂ ಒಂದು ನಟ್ಟು ಬಿಗಿಯಬೇಕೆಂದರು. ಅವರು ಬಿಗಿದ ಮೇಲೆ ಟೈಲರಕ್ಕ ಬಿಡುತ್ತಾಳೆಯೇ? ಅವಳೂ ಒಂದು ಬಿಗಿದಳು. ಹೆಂಡತಿ ಬೇಡ ಬೇಡ ಎನ್ನುತ್ತಲೇ ಬಂದು ಸ್ಪ್ಯಾನರ್ ಹಿಡಿದಳು. ಅಡುಗೆಮನೆಯ ಸ್ಟವ್ವಿನ ನಟ್ಟಿಗಿಂತ ಇದೇ ಸುಲಭ ಎಂದು ಅವಳಿಗೆ ಅನ್ನಿಸಿತು. ಎಲ್ಲ ಮುಗಿದ ಮೇಲೆ ಆಯ್ತಪ್ಪ ಟೈಲರಕ್ಕನ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು, ಎಂಟು ನಟ್ಟುಗಳ ಮೇಲೂ ಪಕ್ಕದ ಕಬ್ಬಿಣಕ್ಕೆ ಸೇರುವಂತೆ ಒಂದೊಂದು ಗೀಟು ಎಳೆದ.

"ಇದ್ಯಾಕೆ ಭಾವ, ಲಾರಿಗೆ ಅಳತೆ ತಗೋತೀರಾ?"

"ನಟ್ಟು ತಿರುಗಿದ್ರೆ ಗೀಟು ಮುರಿಯುತ್ತೆ. ಸಡಿಲಾಗಿದೆಯೋ ಇಲ್ವೋ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

ಲಾರಿ ಚಾಲೂ ಆಯಿತು. ಆಯ್ತಪ್ಪನ ಕಿವಿಯಲ್ಲಿ ಜೀರುಂಡೆ ಇನ್ನೂ ಇದ್ದುದರಿಂದ ಅವನಿಗೆ ಏನೂ ತಿಳಿಯಲಿಲ್ಲ. ನೂಲು ಹಿಡಿದು ನೋಡಿದ. ಮೂರನೆಯ ಕವಲಿನ ಬುಡದಲ್ಲಿ ಅದು ದೀಪದ ಬತ್ತಿಯಂತೆ ಅಲುಗಾಡದೆ ನಿಂತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ತಾಳ ಹಾಕಲು ಕೈ ಎತ್ತಿ, ತಾಳವೇ ಸಿಗದೆ ಕೈ ಇಳಿಸಿದರು. "ಹಾಲು ಕುಡಿದ ಬೆಕ್ಕಿನ ಹಾಗಿದೆ ಅಣ್ಣಾ" ಎಂದಳು ಟೈಲರಕ್ಕ. ಆಯ್ತಪ್ಪನ ಕಣ್ಣಲ್ಲಿ ನೀರು ಬಂತು. ನಾಳೆಯ ಗೇಟು ತೆರೆಯಿತು ಅಂದುಕೊಂಡ.

ಹೊತ್ತು ಇಳಿಯುತ್ತಿತ್ತು, ಲಾಂಡ್ರಿಗೆ ಹೋಗಿ ಬಟ್ಟೆ ಹೇರಿಕೊಂಡು ಬರಬೇಕಿತ್ತು. ಅವನು ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಸದ್ದಿಲ್ಲದ ಲಾರಿ ಹೋಗುವ ಚೆಂದ ನೋಡಲು ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತರು. ಅವನು ಎಂದಿನಂತೆ ಒಬ್ಬೊಬ್ಬರಿಗೂ ತಲೆಯಾಡಿಸುತ್ತ, ನಡೆಯುವವನಿಗಿಂತ ಸ್ವಲ್ಪವೇ ಜೋರಾಗಿ, ಬೀದಿಯ ತಿರುವು ದಾಟಿ ಹೋದ.

ವಾಪಸು ಬಂದಾಗ ಅವನ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ದಿನದಲ್ಲಿ ಅಷ್ಟೆಲ್ಲ ಅನುಭವಿಸಿದವನು ಅಷ್ಟು ಹಗುರವಾಗಿ ಇಳಿಯುವುದು ಸಾಧ್ಯ ಎಂದು ಯಾರೂ ನಂಬುತ್ತಿರಲಿಲ್ಲ. ನೋಡುವುದಕ್ಕೆ ಬೀದಿಯಲ್ಲಿ ಯಾರೂ ಇರಲೂ ಇಲ್ಲ. ಮೇಷ್ಟ್ರ ಮನೆಯ ಕಿಟಕಿ ಮುಚ್ಚಿತ್ತು. ಟೈಲರಕ್ಕ ಅವನನ್ನು ಕಂಡು ಒಳಗೆ ಹೋದಳು. ಭಾವಮೈದ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತಲಿಲ್ಲ, ಎರಡನೆಯ ಸಲ ಬಡಿಸಿಕೊಳ್ಳಲೂ ಇಲ್ಲ. ಹೆಂಡತಿ ಅವನ ಮುಂದೆ ನೀರಿನ ಚೊಂಬನ್ನು ಕುಕ್ಕಿದಳು. ಅವನು ಗಟಗಟ ಕುಡಿದ. ಅವಳು ಅವನ ಗಂಟಲನ್ನೇ ದಿಟ್ಟಿಸಿ ನೋಡಿದಳು.

ಎಲ್ಲರಿಗೂ ದಣಿವಾಗಿದೆ ಪಾಪ ಎಂದುಕೊಂಡು ಆಯ್ತಪ್ಪ ಬೇಗ ಮಲಗಿದ. ಕಿವಿಯ ಜೀರುಂಡೆ ಜೋಗುಳ ಹಾಡುತ್ತಿತ್ತು. ಹೊರಗೆ ಏನು ನಡೆದರೂ ಅವನಿಗೆ ಕೇಳಿಸುವ ಹಾಗಿರಲಿಲ್ಲ.

ಬೆಳಗಿನ ಜಾವ ಎದ್ದಾಗ ಕಿವಿ ಬಿಟ್ಟಿತ್ತು. ಮೊದಲ ಸಲ ತನ್ನ ಲಾರಿಯ ಮೌನವನ್ನು ತಾನೇ ಕೇಳುವ ಆಸೆಯಿಂದ ಅವನು ಕೀಲಿ ತಿರುಗಿಸಿದ.

ಹಿಂದಿನ ಟಕ್ ಟಕ್ ಇದರ ಮುಂದೆ ಪಿಸುಮಾತು. ಇಡೀ ಬಾನೆಟ್ಟು ಅದುರಿತು. ಹೆದರಿ ಆರಿಸಿ, ಬಾನೆಟ್ಟು ತೆರೆದು ಟಾರ್ಚು ಬಿಟ್ಟ. ಎಂಟು ಗೀಟುಗಳಲ್ಲಿ ಒಂದೂ ಕೂಡಿರಲಿಲ್ಲ. ಒಂದು ನಟ್ಟು ಅರ್ಧ ಸುತ್ತು ತಿರುಗಿತ್ತು, ಇನ್ನೊಂದು ಮುಕ್ಕಾಲು, ಕೆಲವಂತೂ ಬೆರಳಿಗೇ ಆಡುತ್ತಿದ್ದವು. ನಟ್ಟು ತಾನಾಗಿ ಸಡಿಲಾಗುವುದುಂಟು. ಆದರೆ ನಿಂತ ಲಾರಿಯಲ್ಲಿ, ಎಂಟಕ್ಕೆ ಎಂಟೂ?

ಹಿಂದೆ ಹೆಂಡತಿ ಬಂದು ನಿಂತಿದ್ದಳು. "ನಾನು ಒಂದೇ ಒಂದು. ಅದೂ ಅರ್ಧ ಸುತ್ತು" ಎಂದಳು.

"ನೀನಾ?"

"ಸಣ್ಣ ಸಂದಿ ಆದ್ರೆ ತಿರುವಿನಲ್ಲೇ ಮುಚ್ಚಿಕೊಳ್ಳುತ್ತೆ ಅಂತ ನೀವೇ ಹೇಳಿದ್ರಲ್ಲ. ಬೀದಿ ದಾಟೋವರೆಗೆ ಸದ್ದು ಇರ್ಲಿ, ನರ್ಸಿಂಗ್ ಹೋಮಿನ ಹೊತ್ತಿಗೆ ನಿಂತುಹೋಗ್ಲಿ ಅಂತ ಮಾಡಿದೆ. ಮಿಕ್ಕೋರೂ ಹಾಗೇ ಅಂದ್ಕೊಂಡು ಬಂದಿರ್ತಾರೆ ಅಂತ ನನಗೇನು ಗೊತ್ತು?"

"ಸದ್ದು ಯಾಕೆ ಇರ್ಬೇಕು?"

ಅವಳು ಅವನ ಮುಖವನ್ನೇ ನೋಡಿದಳು. "ರೀ, ನಿನ್ನೆ ಸಂಜೆ ನೀವು ಲಾರೀಲಿ ಕೂತು ಮಾತಾಡ್ಕೊಂಡು ಹೋದದ್ದು ಬೀದಿಗೆಲ್ಲ ಕೇಳಿಸ್ತು."

ಆಯ್ತಪ್ಪನ ಕೈಯಿಂದ ಟಾರ್ಚು ಜಾರಿತು. ಇಷ್ಟು ವರ್ಷ ಲಾರಿಯ ಸದ್ದಿನ ಮರೆಯಲ್ಲಿ, ಒಬ್ಬೊಬ್ಬರ ಮನೆ ಬಂದಾಗಲೂ ನಗುತ್ತ ತಲೆಯಾಡಿಸಿ, ಅವರವರ ಪಾಲಿನದನ್ನು ಅವರವರಿಗೆ ಗಂಟಲು ಬಿಚ್ಚಿ ಹೇಳಿ ಮುಗಿಸುವುದು ಅವನ ರೂಢಿ. ಅಲ್ಲಿಗೆ ಮನಸ್ಸು ಖಾಲಿ, ಮತ್ತೆ ದಿನವಿಡೀ ಆಯ್ತಪ್ಪ. ನಿನ್ನೆ ಹೊಟ್ಟೆಯಲ್ಲಿ ಎಂದಿಗಿಂತ ಹೆಚ್ಚು ಸರಕಿತ್ತು. ಲಾರಿಗೆ ಸದ್ದಿಲ್ಲ ಎನ್ನುವುದು ತಲೆಗೆ ಗೊತ್ತಿತ್ತು, ನಾಲಿಗೆಗೆ ಯಾರೂ ಹೇಳಿರಲಿಲ್ಲ. ಕಿವಿಯಂತೂ ಊರಲ್ಲಿರಲಿಲ್ಲ.

"ಏನೇನು ಕೇಳಿಸ್ತು?" ಎಂದ ಸಣ್ಣ ದನಿಯಲ್ಲಿ.

"ಟೈಲರಕ್ಕ ಹೊಲಿದ ಪ್ಯಾಂಟು ಹಾಕ್ಕೊಂಡ್ರೆ ಒಂದು ಕಾಲು ಮುಂದೆ ಹೋಗುತ್ತೆ, ಇನ್ನೊಂದು ಮನೇಲೇ ಇರುತ್ತೆ ಅಂದ್ರಂತೆ. ಮೇಷ್ಟ್ರ ಪಿಟೀಲು ಕೇಳಿದ್ರೆ ಬಾಗಿಲಿನ ಕೀಲಿಗೆ ಎಣ್ಣೆ ಬಿಡ್ಬೇಕು ಅನ್ಸುತ್ತೆ ಅಂದ್ರಿ. ನನ್ನ ತಮ್ಮ ಮುಟ್ಟಿದ್ದೆಲ್ಲ ಮುರಿದು ಹೋಗುತ್ತೆ, ಈ ಮನೇಲಿ ಅವನ ಬಿಡಾರ ಒಂದು ಬಿಟ್ಟು, ಅಂದ್ರಿ. ಅದು ನಾನೇ ಕೇಳಿದ್ದು."

"ನಿನ್ನ ಬಗ್ಗೆ?"

"ನಂದು ಬೇಡ. ನಂದು ತಿರುವಿನವರೆಗೂ ಇತ್ತು."

ಅವನು ಬಗ್ಗಿ ಟಾರ್ಚು ಎತ್ತಿಕೊಂಡ. ಆಮೇಲೆ ಅವಳೇ ಹೇಳಿದಳು: "ರಾತ್ರಿ ಎಲ್ಲರೂ ಒಬ್ಬೊಬ್ಬರಾಗಿ ಬಂದು ನನ್ನ ಹತ್ರ ಅಂದದ್ದು ಒಂದೇ. ಮಿಕ್ಕೋರ ವಿಷಯ ಹೇಳಿದ್ದೆಲ್ಲ ನಿಜವಂತೆ. ಅವರವರ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಆಯ್ತಂತೆ. ದಿನಾ ಬೆಳಿಗ್ಗೆ ಐದಕ್ಕೆ ಇದನ್ನ ಕೇಳೋದಕ್ಕಿಂತ ಟಕ್ ಟಕ್ ವಾಸಿ ಅಂತ ಎಲ್ಲರ ಲೆಕ್ಕ. ಮೇಷ್ಟ್ರು ಒಂದು ನಟ್ಟು, ಟೈಲರಕ್ಕ ಒಂದು, ಇರ್ಬೇಕು. ಮಿಕ್ಕದ್ದು ನನ್ನ ತಮ್ಮ. ಅವನಿಗೆ ಒಂದಕ್ಕೆ ನಿಲ್ಲಿಸೋದು ಗೊತ್ತಿಲ್ಲ, ನಿಮಗೆ ಗೊತ್ತಲ್ಲ."

ಯಾವ ನಟ್ಟು ಯಾವ ಕಡೆ ತಿರುಗಿದರೆ ಬಿಚ್ಚುತ್ತದೆ, ಎಷ್ಟು ಬಿಚ್ಚಿದರೆ ಎಷ್ಟು ಸದ್ದು ಎಂದು ಅಷ್ಟೂ ಜನಕ್ಕೆ ದಿನವಿಡೀ ಪಾಠ ಹೇಳಿದವನು ತಾನೇ ಎಂಬುದು ಆಯ್ತಪ್ಪನಿಗೆ ಆಗ ನೆನಪಾಯಿತು.

ಅವನು ಸ್ಪ್ಯಾನರ್ ತಂದು ಎಂಟೂ ನಟ್ಟುಗಳನ್ನು ಬಿಗಿದ, ನಡುವಿನಿಂದ ಅಂಚಿಗೆ, ಸ್ವಲ್ಪ ಸ್ವಲ್ಪವೇ. ಚಾಲೂ ಮಾಡಿದ. ಸದ್ದು ಒಂದು ಚೂರೂ ಇಳಿಯಲಿಲ್ಲ. ನಟ್ಟು ಸಡಿಲಿದ್ದಾಗ ಓಡಿದ ಒಂದು ನಿಮಿಷದಲ್ಲೇ ಒಗ್ಗರಣೆಯ ಜಿಡ್ಡು ತಿಂದು ಗಡುಸಾಗಿದ್ದ ಪ್ಯಾಕಿಂಗು ಉದ್ದಕ್ಕೆ ಸೀಳಿಹೋಗಿತ್ತು. ಅದರ ಒಂದು ಚೂರು ಕೆಳಗೆ ಬಿತ್ತು. ಹೆಂಡತಿ ಅದನ್ನು ಎತ್ತಿಕೊಂಡು, ಇದರಲ್ಲಿ ಒಂದು ಸೌಟಿಗಾದರೂ ಜಾಗ ಉಳಿದಿದೆಯೇ ಎಂದು ತಿರುಗಿಸಿ ನೋಡಿದಳು.

ಐದಾಗುತ್ತ ಬಂದಿತ್ತು. ಹೋಗದೆ ಉಪಾಯವಿರಲಿಲ್ಲ. ಬೀದಿ ದಾಟುವಾಗ ಆಯ್ತಪ್ಪ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದ. ತಿರುವು ಬಂತು, ಸದ್ದು ನಿಲ್ಲಲಿಲ್ಲ. ಎರಡನೆಯ ಬೀದಿ ಬಂತು, ಲಾರಿ ಕಾದು ಹೆಂಚಾಯಿತು, ಆದರೂ ನಿಲ್ಲಲಿಲ್ಲ. ನರ್ಸಿಂಗ್ ಹೋಮಿನ ಕಿಟಕಿಗಳಲ್ಲಿ ಒಂದರ ಹಿಂದೆ ಒಂದು ದೀಪ ಹೊತ್ತಿಕೊಂಡವು. ಕಾವಲುಗಾರ ಇವನ ಮುಖ ನೋಡುವ ಮೊದಲೇ ಗೇಟು ಎಳೆದು ಚಿಲಕ ಹಾಕಿದ. ಮೇಲಿನ ವರಾಂಡದಲ್ಲಿ ಮೇಟ್ರನ್ ಬಂದು ನಿಂತರು. ಆ ಸದ್ದಿನಲ್ಲಿ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ನೊಣ ಓಡಿಸುವಂತೆ ಒಂದು ಸಲ ಕೈ ಆಡಿಸಿ ಒಳಗೆ ಹೋದರು. ಬೇರೆ ಗಾಡಿಯವನು ಆಗಲೇ ಗೇಟಿನ ಪಕ್ಕದಲ್ಲಿ ನಿಂತಿದ್ದ.

ಆಯ್ತಪ್ಪ ಲಾರಿ ತಿರುಗಿಸಿದ. ಹಿಂದೆ ಮಡಿಸಿಟ್ಟ ಬಿಳಿ ಬಟ್ಟೆಯ ಮೂಟೆಗಳು ಎಲ್ಲಿಗೂ ಹೋಗಲಾಗದೆ ಕುಲುಕುತ್ತಿದ್ದವು. ತನ್ನ ಬೀದಿಗೆ ಬರುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ಬಾಯಿ ಬಿಟ್ಟ. ಟೈಲರಕ್ಕನಿಗೆ, ಮೇಷ್ಟ್ರಿಗೆ, ಭಾವಮೈದನಿಗೆ, ಹೆಂಡತಿಗೆ, ಮೇಟ್ರನ್ನಿಗೆ, ಕೊನೆಗೆ ಲಾರಿಗೂ ತನಗೂ ಸೇರಿಸಿ ಗಂಟಲು ಹರಿಯುವಂತೆ ಹೇಳುತ್ತ ಬಂದ. ಬಾಗಿಲುಗಳಲ್ಲಿ ನಿಂತ ಬೀದಿಯವರು ಅವನ ತುಟಿ ಎಂದಿನಂತೆ ಅಲ್ಲಾಡುವುದನ್ನು ಕಂಡು ನೆಮ್ಮದಿಯಿಂದ ಕೈಬೀಸಿದರು. ಏನು ಹೇಳಿದನೋ, ಈ ಸಲ ಅವನಿಗೂ ಕೇಳಿಸಲಿಲ್ಲ.